ಬಳ್ಳಾರಿಯಲ್ಲಿ ಉದ್ದ ಫೋರ್ಕ್ ಜೋಡಣೆ: ಒಂದು ಗ್ಯಾರೇಜಿನ ಕೆಲಸದ ವಿಮರ್ಶೆ

ನನ್ನ ಥಂಡರ್‌ಬರ್ಡ್ 350 ಬೈಕಿಗೆ ಮೂಲಕ್ಕಿಂತ 4 ಇಂಚು ಉದ್ದದ ಮುಂಭಾಗದ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿಡುವ ಜೋಡಿ ಪೈಪು) ಹಾಕಿಸಲು ಬಳ್ಳಾರಿಯ ಒಂದು ಗ್ಯಾರೇಜಿಗೆ ಕೊಟ್ಟಿದ್ದೆನು. ಹಳೆಯ ಪೈಪಿನ ಮೇಲೆ ತುಂಡು ಜೋಡಿಸದೆ, 41 ಮಿ.ಮೀ. ವ್ಯಾಸದ ಒಂದೇ ತುಂಡಿನ ಪೈಪನ್ನೇ ಬಳಸಬೇಕೆಂದು ಮೇಸ್ತ್ರಿಯವರು ಪಟ್ಟುಹಿಡಿದದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಬ್ರೇಕ್ ಹಾಕಿದಾಗ ಹೆಚ್ಚಿನ ಬಾಗುವ ಒತ್ತಡ ಬೀಳುವುದು ಈ ಪೈಪಿನ ಮೇಲೆಯೇ.

ಫೋರ್ಕ್ ಉದ್ದವಾದಾಗ ಬೈಕಿನ ಮುಂಭಾಗ ಮೇಲೇಳುತ್ತದೆ, ಸ್ಟೀರಿಂಗಿನ ಓರೆ ಹೆಚ್ಚುತ್ತದೆ, ಅದರೊಂದಿಗೆ ಟ್ರೇಲ್ (ಸ್ಟೀರಿಂಗ್ ಅಕ್ಷದ ರೇಖೆ ನೆಲ ಮುಟ್ಟುವ ಜಾಗಕ್ಕೂ ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕೂಡ ಬೆಳೆಯುತ್ತದೆ. ಆದ್ದರಿಂದಲೇ ಹೊಸಪೇಟೆ ರಸ್ತೆಯಲ್ಲಿ ಬೈಕು ನೇರವಾಗಿ, ಅಲುಗಾಡದೆ ಸಾಗುತ್ತದೆ. ಆದರೆ ಕೌಲ್ ಬಜಾರಿನ ಇಕ್ಕಟ್ಟಿನಲ್ಲಿ ನಿಧಾನವಾಗಿ ತಿರುಗಿಸುವಾಗ ಹ್ಯಾಂಡಲ್ ತೂಕವಾಗಿ ಒಂದು ಬದಿಗೆ ವಾಲುತ್ತದೆ. ಈ ಬದಲಾವಣೆಯನ್ನು ಅವರು ಮೊದಲೇ ವಿವರಿಸಿದ್ದರು.

ಒಂದು ಲೋಪ ಮಾತ್ರ ಗಂಭೀರವಾದದ್ದು. ಹಳೆಯ ಬ್ರೇಕ್ ಹೋಸನ್ನೇ (ಬ್ರೇಕ್ ದ್ರವ ಸಾಗುವ ಕೊಳವೆ) ಉಳಿಸಿದ್ದರಿಂದ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಅದು ಬಿಗಿಯುತ್ತಿತ್ತು. ತೋರಿಸಿದ ಮೇಲೆ ಉದ್ದದ ಹೋಸ್ ಹಾಕಿ, ಅದರೊಳಗಿನ ಗಾಳಿ ತೆಗೆದು ಕೊಟ್ಟರು. ಇದನ್ನು ಕೀಲಿ ಕೊಡುವ ಮುನ್ನವೇ ಅವರು ನೋಡಬೇಕಿತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡುಗಳನ್ನು ನಿರ್ಬಂಧಿಸುವುದರಿಂದ, ಕೆಲಸ ಒಪ್ಪಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.