ಸ್ಟ್ರೋಕ್ ನಂತರದ ಖಿನ್ನತೆಗೆ ಅಕ್ಯುಪಂಕ್ಚರ್ ಮಾಡಿಸೋದಾ, ಮಾತ್ರೆ ಕೊಡೋದಾ?

ಸ್ಟ್ರೋಕ್ ಆದ ಮೇಲೆ ಖಿನ್ನರಾಗಿರುವ ನಿಮ್ಮ ತಂದೆಯವರಿಗೆ ಅಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ) ಒಳ್ಳೆಯದಾ, ಮಾತ್ರೆಯಾ ಅಂತ ಕೇಳಿದ್ದೀರಿ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಅವರದ್ದು ಸುಮ್ನೆ ಬೇಜಾರು ಅಂದುಕೊಳ್ಳಬೇಡಿ.

ಪುರಾವೆ ಮಾತ್ರೆಗೇ ಜಾಸ್ತಿ. ಬ್ರಿಟನ್ನಿನಲ್ಲಿ 3,127 ಸ್ಟ್ರೋಕ್ ರೋಗಿಗಳ ಮೇಲೆ ನಡೆದ ಫೋಕಸ್ ಎಂಬ ಅಧ್ಯಯನದಲ್ಲಿ ಆರು ತಿಂಗಳು ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ತೆಗೆದುಕೊಂಡವರಲ್ಲಿ ಹೊಸದಾಗಿ ಖಿನ್ನತೆ ಬಂದದ್ದು ಕಡಿಮೆ. ಆದರೆ ಮೂಳೆ ಮುರಿತ ಹೆಚ್ಚಿತ್ತು. ಅಕ್ಯುಪಂಕ್ಚರ್ ಅಧ್ಯಯನಗಳು ಬಹುಪಾಲು ಚೀನಾದವು, ಚಿಕ್ಕವು. ಫಲಿತಾಂಶ ಚೆನ್ನಾಗೇ ಕಾಣುತ್ತದೆ. ಆದರೆ ಸೂಜಿ ಚುಚ್ಚಿದ್ದು ರೋಗಿಗೆ ಗೊತ್ತಿರುವಾಗ ಎಷ್ಟು ಸೂಜಿಯ ಗುಣ, ಎಷ್ಟು ನಂಬಿಕೆಯ ಗುಣ ಅಂತ ಬೇರ್ಪಡಿಸೋದು ಕಷ್ಟ ಅಲ್ವಾ?

ಚಿಕಿತ್ಸೆಗಾಗಿ ಓಡಾಡೋದು ಮಾತ್ರೆಗಿಂತ ಸೂಜಿಗೇ ಜಾಸ್ತಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೂ ಅಕ್ಯುಪಂಕ್ಚರ್ ಮಾಡುವವರಿಗೂ ಮೊದಲೇ ತಿಳಿಸಿ.

ಊಟ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ತಡಮಾಡದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆ ಹಗುರವಾಗಿದ್ದು ಮಾತ್ರೆ ಒಗ್ಗದಿದ್ದರೆ, ವೈದ್ಯರನ್ನು ಕೇಳಿ ಅಕ್ಯುಪಂಕ್ಚರ್ ಮಾಡಿಸಿ ನೋಡಬಹುದು.