ಪದ್ಮಿನಿಗೆ ಜಿಪ್ಸಿ ಎಂಜಿನ್ ಕೂರಿಸಿದ ಮೇಲೆ ಕ್ಲಚ್ಚಿಗೆ ಯಾವುದು? ರಾಡೋ, ಕೇಬಲ್ಲೋ, ಹೈಡ್ರಾಲಿಕ್ಕೋ

ಮೊದಲೇ ಹೇಳಿಬಿಡುತ್ತೇನೆ, ಪೆಡಲನ್ನು ಕ್ಲಚ್ಚಿಗೆ ಜೋಡಿಸೋದಕ್ಕೆ ನನ್ನ ಓಟು ಕೇಬಲ್ಲಿಗೆ. ಎರಡು ಕೇಬಲ್ ಸುಟ್ಟುಕೊಂಡು, ಐದು ತಿಂಗಳು ಹೈಡ್ರಾಲಿಕ್ ಓಡಿಸಿ ನೋಡಿ, ಮತ್ತೆ ಕೇಬಲ್ಲಿಗೇ ಬಂದಿದ್ದೇನೆ. ಬಂದು ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನದಲ್ಲಿ ಗಾಡಿ ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ.

ಗಾಡಿ ಅಪ್ಪನದು. 1984ರ ಪ್ರೀಮಿಯರ್ ಪದ್ಮಿನಿ, ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರು. ಗುಬ್ಬಿಯಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಅಪ್ಪ ಎಷ್ಟು ಸಲ ಓಡಿಸಿದ್ದಾರೋ ಲೆಕ್ಕವಿಲ್ಲ. 1089 ಸಿಸಿಯ ಹಳೆ ಎಂಜಿನ್ನಿನ ಸಿಲಿಂಡರ್ ಸವೆದು ಎರಡು ಸಲ ಬೋರ್ ಮಾಡಿಸಿಯಾಗಿತ್ತು, ಮೂರನೆಯ ಸಲ ಬಿಚ್ಚಿದಾಗ ಬ್ಲಾಕೇ ಬಿರುಕು ಬಿಟ್ಟಿತ್ತು. ಗಾಡಿ ಕೊಟ್ಟುಬಿಡು ಅಂದವರೇ ಹೆಚ್ಚು. ಅಪ್ಪ ಹೋದ ಮೇಲೆ ಅವರ ನೆನಪಿಗೆ ಅಂತ ನನ್ನ ಹತ್ತಿರ ಉಳಿದಿರೋದು ಇದೊಂದೇ, ಕೊಡೋಕೆ ಮನಸ್ಸಾಗಲಿಲ್ಲ. ಬೆಂಗಳೂರಿನ ಗುಜರಿಯಲ್ಲಿ ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಸಿಕ್ಕಿತು. ಅದರದೇ ಐದು ಗೇರಿನ ಬಾಕ್ಸ್ ಸಮೇತ ತಂದು ತುಮಕೂರಿನಲ್ಲಿ ಕೂರಿಸಿದೆವು. ಹ್ಯಾಂಡ್ ಗೇರು ಹೋಗಿ ಫ್ಲೋರ್ ಗೇರು ಬಂತು. ಇದನ್ನು ಓದಿ ಎಂಜಿನ್ ಬದಲಿಸಲು ಹೊರಡುವವರು ಮೊದಲು ಆರ್‌ಟಿಓ ಅನುಮತಿಯ ದಾರಿ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದು ಆಗಲೇಬೇಕಾದ ಕೆಲಸ.

ಎಂಜಿನ್ನನ್ನೂ ಬಾಕ್ಸನ್ನೂ ಒಂದೇ ಗಾಡಿಯಿಂದ ತಂದದ್ದು ಒಳ್ಳೆಯದಾಯಿತು. ಕ್ಲಚ್ ಪ್ಲೇಟಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟಿಗೆ ಕೂರುತ್ತದೆ, ಪ್ರೆಶರ್ ಪ್ಲೇಟ್ ಫ್ಲೈವೀಲಿಗೆ ಕೂರುತ್ತದೆ, ಕ್ರ್ಯಾಂಕ್ ತುದಿಯ ಪೈಲಟ್ ಬೇರಿಂಗ್ ಶಾಫ್ಟಿನ ಮೂತಿಗೆ ಸರಿಹೋಗುತ್ತದೆ. ಹಳೆ ಬಾಕ್ಸ್ ಉಳಿಸಿಕೊಂಡು ಹೊಸ ಎಂಜಿನ್ ಹಾಕಿದ ಪರಿಚಯದವರೊಬ್ಬರು ಆ ಬೇರಿಂಗ್ ಒಂದರಿಂದಲೇ ಮೂರು ಸಲ ಬಾಕ್ಸ್ ಇಳಿಸಿದರು. ನನಗೆ ಆ ಕಷ್ಟ ಬರಲಿಲ್ಲ. ನನ್ನ ಕಷ್ಟ ಪೆಡಲಿಗೂ ಕ್ಲಚ್ ಫೋರ್ಕಿಗೂ (ಕ್ಲಚ್ಚನ್ನು ಬಿಡಿಸುವ ಸನ್ನೆಗೋಲು) ನಡುವೆ ಇತ್ತು. ಪದ್ಮಿನಿಯ ಪೆಡಲು, ಜಿಪ್ಸಿಯ ಫೋರ್ಕು, ಎರಡನ್ನೂ ಸೇರಿಸೋದು ಹೇಗೆ?

ಹೋಲಿಕೆಗೆ ಮುಂಚೆ ಒಂದು ಮಾತು. ಕ್ಲಚ್ ತೊಂದರೆ ಅಂದ ಕೂಡಲೇ ಬಾಕ್ಸ್ ಇಳಿಸಲು ಬಿಡಬೇಡಿ. ಎಂಜಿನ್ ಚಾಲೂ ಇಟ್ಟು, ಪೆಡಲ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ ನೋಡಿ. ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲನ್ನು ಎರಡು ಮೂರು ಸಲ ಬಡಿದು ಹಾಕಿದಾಗ ಸರಾಗವಾಗಿ ಬಿದ್ದರೆ ತಪ್ಪು ಹೊರಗಡೆ ಇದೆ, ಪ್ಲೇಟಿನಲ್ಲಿ ಅಲ್ಲ. ಏರಿನಲ್ಲಿ ಎಂಜಿನ್ ಕೂಗುತ್ತಾ ಗಾಡಿ ಮುಂದೆ ಹೋಗದಿದ್ದರೆ ಅದು ಜಾರುವ ಕ್ಲಚ್. ಆಗಲೂ ಮೊದಲು ಪೆಡಲಿನ ಫ್ರೀ ಪ್ಲೇ ನೋಡಿ. ಒಂದು ಬೆರಳಿನ ದಪ್ಪವಾದರೂ ಖಾಲಿ ಓಡಾಟ ಇಲ್ಲದಿದ್ದರೆ ಫೋರ್ಕು ತಳ್ಳುವ ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟನ್ನು ಸದಾ ಒತ್ತಿಕೊಂಡೇ ಇರುತ್ತದೆ, ಎಷ್ಟು ಹೊಸ ಪ್ಲೇಟ್ ಹಾಕಿದರೂ ಅಷ್ಟೇ.

ರಾಡು

ಮೊದಲು ಮಾಡಿಸಿದ್ದು ಇದು. ಲೇತಿನವರು ಕಬ್ಬಿಣದ ಸರಳಿಗೆ ಎರಡು ತುದಿಯಲ್ಲಿ ಕಣ್ಣು ಮಾಡಿ, ನಡುವೆ ಒಂದು ತಿರುಗುಕೋಲು ಕೊಟ್ಟು, 1,200 ರೂಪಾಯಿಗೆ ಮುಗಿಸಿಕೊಟ್ಟರು. ನಿಂತ ಗಾಡಿಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಹೊರಟ ಕೂಡಲೇ ಗಾಡಿ ಮೈಯೆಲ್ಲ ನಡುಗಿಸಿತು. ಪೆಡಲು ಬಾಡಿಗೆ ಕೂತಿದೆ, ಎಂಜಿನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ. ಕ್ಲಚ್ ಹಿಡಿಯುತ್ತಿದ್ದ ಹಾಗೆ ಎಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ, ಬಾಗದ ರಾಡು ಫೋರ್ಕನ್ನು ತಾನೇ ಎಳೆಯುತ್ತದೆ, ಕ್ಲಚ್ ಬಿಡುತ್ತದೆ, ಎಂಜಿನ್ ಹಿಂದಕ್ಕೆ ಬರುತ್ತದೆ, ಮತ್ತೆ ಹಿಡಿಯುತ್ತದೆ. ಕಾಲು ಒಂದೇ ಸಮ ಇಟ್ಟರೂ ಇದು ನಡೆಯುತ್ತಲೇ ಇರುತ್ತದೆ. ಒಂಬತ್ತು ದಿನಕ್ಕೆ ಬಿಚ್ಚಿಸಿದೆ.

ಕೇಬಲ್, ಮೊದಲ ಸುತ್ತು

ಜಿಪ್ಸಿಯದೇ ಕ್ಲಚ್ ಕೇಬಲ್, 480 ರೂಪಾಯಿ. ಫೈರ್‌ವಾಲಿಗೆ (ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡು) ಒಂದು ತೂತು, ಪೆಡಲಿಗೆ ಒಂದು ಕೊಕ್ಕೆ ವೆಲ್ಡಿಂಗು, ಅಷ್ಟೇ ಕೆಲಸ. ಹಳೆ ಗಾಡಿಯ ಫೈರ್‌ವಾಲ್ ತಗಡು ತೆಳ್ಳಗಿರುವುದರಿಂದ ಕೇಬಲ್ ಬಂದು ಕೂರುವ ಜಾಗಕ್ಕೆ ಹಿಂದಿನಿಂದ ಒಂದು ಪಟ್ಟಿ ಕೊಡಬೇಕು. ಇಲ್ಲದಿದ್ದರೆ ನೀವು ಒತ್ತಿದ ಅರ್ಧ ಬಲ ತಗಡು ಬಗ್ಗಿಸುವುದಕ್ಕೇ ಹೋಗುತ್ತದೆ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಬಾನೆಟ್ ಎತ್ತಿ ನೋಡಲಿ, ತಗಡು ಉಸಿರಾಡಿದ ಹಾಗೆ ಉಬ್ಬಿ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ನಡುಕ ಹೋಯಿತು. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗಿಬಂದೆ. ಇನ್ನು ಆಯಿತು ಅಂದುಕೊಂಡೆ.

ಹನ್ನೊಂದನೆಯ ದಿನ ಪೆಡಲು ಬಿಗಿಯಾಯಿತು. ಮರುದಿನ ಇನ್ನೂ ಬಿಗಿ. ಒತ್ತಿದರೆ ಅರ್ಧಕ್ಕೆ ನಿಲ್ಲುತ್ತಿತ್ತು, ಬಿಟ್ಟರೆ ಮೇಲೆ ಬರುತ್ತಿರಲಿಲ್ಲ, ಕಾಲಿನ ಹಿಂಭಾಗದಿಂದ ಎತ್ತಬೇಕು. ಬಿಚ್ಚಿ ನೋಡಿದರೆ ಕೇಬಲ್ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿಕೊಂಡಿದೆ. ಮೆಕ್ಯಾನಿಕ್ ಹೇಳಿದರು: "ಸಾರ್, ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಹೋಗೈತೆ, ಶಾಖಕ್ಕೆ ಸುಟ್ಟೋಗೈತೆ." ನೋಡಿದರೆ ನಿಜ ಅನ್ನಿಸಿತು. ಎರಡನೆಯ ಕೇಬಲ್ ತಂದು, ಪೈಪಿನಿಂದ ಗೇಣು ದೂರಕ್ಕೆ ತಿರುಗಿಸಿ, ಶಾಖ ತಡೆಯುವ ಬಟ್ಟೆ ಸುತ್ತಿದೆವು. ಅದು ಮೂರು ವಾರ ಬಂತು. ಕರಗಿದ್ದು ಮತ್ತೆ ಒಳಗಿನಿಂದಲೇ. ಸುತ್ತಿದ ಬಟ್ಟೆ ಬೆಳ್ಳಗೆ ಹಾಗೇ ಇತ್ತು! ಆ ಬಟ್ಟೆ ನೋಡಿಯಾದರೂ ನಾನು ಯೋಚಿಸಬೇಕಿತ್ತು. ಹೊರಗಿನ ಶಾಖ ಆಗಿದ್ದರೆ ಬಟ್ಟೆ ಮೊದಲು ಕಪ್ಪಾಗಬೇಕಲ್ಲ.

ಅದೇ ಹೊತ್ತಿಗೆ ಸೆಲ್ಫ್ ಸ್ಟಾರ್ಟರ್ ಕೂಡ ನಿಧಾನವಾಗಿತ್ತು. ಬೆಳಿಗ್ಗೆ ಕೀ ತಿರುಗಿಸಿದರೆ ಮುಲುಕುತ್ತಾ ತಿರುಗೋದು. ಬ್ಯಾಟರಿ ಹಳತಾಯಿತೆಂದು ಹೊಸದು ತಂದೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗಾಗಲಿ ಮೆಕ್ಯಾನಿಕ್‌ಗಾಗಲಿ ಹೊಳೆಯಲಿಲ್ಲ. ಎಲ್ಲರೂ ಹೈಡ್ರಾಲಿಕ್ ಮಾಡಿಸು ಅಂದರು, ಮಾಡಿಸಿದೆ.

ಆ ಕಥೆ ಆಮೇಲೆ. ಹೈಡ್ರಾಲಿಕ್ ಹಾಕಿ ಆರೇಳು ದಿನವಾಗಿರಬೇಕು, ಬಟವಾಡಿ ಹತ್ತಿರ ಬರುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ರೈಸ್ ಇಳಿಯಲಿಲ್ಲ. ಕೀ ಆಫ್ ಮಾಡಿ ಪಕ್ಕಕ್ಕೆ ತಂದೆ. ಕೈ ನಡುಗುತ್ತಿತ್ತು, ಎದುರಿಗೆ ಸ್ಕೂಲ್ ಮಕ್ಕಳ ಆಟೋ ಇತ್ತು. ಬಾನೆಟ್ ಎತ್ತಿ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಸುಡುತ್ತಿದೆ. ಅದು ಸೈಲೆನ್ಸರ್‌ನ ಹತ್ತಿರವೂ ಇಲ್ಲ.

ಶಿರಾ ಗೇಟ್ ಕಡೆ ಲಾರಿ ವೈರಿಂಗ್ ಮಾಡುವ ವಯಸ್ಸಾದ ಸಾಬರೊಬ್ಬರಿದ್ದಾರೆ, ನಾವೆಲ್ಲ ಚಾಚಾ ಅನ್ನುತ್ತೇವೆ. ಗಾಡಿ ಅವರ ಮುಂದೆ ನಿಲ್ಲಿಸಿ ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಎಂಜಿನ್ನಿಗೆ ಅರ್ತ್ ಎಲ್ಲೈತೆ, ತೋರ್ಸು ತಮ್ಮ." ನಾನು ಬ್ಯಾಟರಿಯಿಂದ ಬಾಡಿಗೆ ಹೋಗಿರುವ ಕಪ್ಪು ವೈರ್ ತೋರಿಸಿದೆ. "ಅದು ಬಾಡಿದು. ಎಂಜಿನ್ನಿಂದು ಎಲ್ಲೈತೆ?"

ಇರಲಿಲ್ಲ.

ಚಾಚಾ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದರು. ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದರು. ಮುಳ್ಳು ನಾಲ್ಕು ವೋಲ್ಟಿನ ಹತ್ತಿರ ಎದ್ದು ನಿಂತಿತು. ಸಂಜೆ ಕತ್ತಲಾಗುತ್ತಿತ್ತು. ಫೈರ್‌ವಾಲ್ ಹತ್ತಿರ ಆಕ್ಸಿಲರೇಟರ್ ಕೇಬಲ್ಲಿನ ಮೇಲು ಹೊದಿಕೆಯಿಂದ ಊದಿನಕಡ್ಡಿಯ ಹೊಗೆಯಷ್ಟು ಸಣ್ಣ ಎಳೆ ಮೇಲೆದ್ದಿತು. ಎರಡು ಕೇಬಲ್ ಹೋದಾಗಲೂ ಬಂದಿದ್ದ ಅದೇ ವಾಸನೆ.

ಆಗಿದ್ದಿಷ್ಟು. ಎಂಜಿನ್ ಕೂತಿರೋದು ರಬ್ಬರ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸೆಲ್ಫ್ ಹೊಡೆದಾಗ ನೂರಕ್ಕೂ ಹೆಚ್ಚು ಆಂಪಿಯರ್ ಎಂಜಿನ್ನಿಂದ ಬ್ಯಾಟರಿಗೆ ವಾಪಸ್ ಹೋಗಬೇಕು. ಅದಕ್ಕೆಂದು ಇರಬೇಕಾದ ದಪ್ಪ ಪಟ್ಟಿ ಇಲ್ಲದಿದ್ದಾಗ ಎಂಜಿನ್ನಿಗೂ ಬಾಡಿಗೂ ತಾಕಿಕೊಂಡಿರುವ ಯಾವ ಲೋಹವಾದರೂ ಸರಿ, ಅದರಲ್ಲೇ ಹರಿಯುತ್ತದೆ. ಮೊದಲು ಕ್ಲಚ್ ಕೇಬಲ್ ಸಿಕ್ಕಿತು. ಅದನ್ನು ತೆಗೆದೆವು. ಹೈಡ್ರಾಲಿಕ್‌ನಲ್ಲಿ ನಡುವೆ ರಬ್ಬರ್ ಹೋಸ್ ಇರುವುದರಿಂದ ಆ ದಾರಿ ಮುಚ್ಚಿತು, ಕರೆಂಟು ಆಕ್ಸಿಲರೇಟರ್ ಕೇಬಲ್ ಹಿಡಿಯಿತು.

ಮನೆಗೆ ಬಂದು ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದಿಸಿಟ್ಟಿದ್ದ ಹಳೆ ಎಂಜಿನ್ ತೆಗೆದು ನೋಡಿದೆ. ತಾಮ್ರದ ಹೆಣೆದ ಪಟ್ಟಿ, ಹಸಿರು ಕಿಲುಬು ಹಿಡಿದು, ಒಂದು ತುದಿ ಇನ್ನೂ ಬೋಲ್ಟಿಗೇ ಕಚ್ಚಿಕೊಂಡು ನೇತಾಡುತ್ತಿತ್ತು. ಎಂಜಿನ್ ಇಳಿಸುವಾಗ ಬಾಡಿ ಕಡೆಯ ತುದಿ ಬಿಚ್ಚಿದ್ದಾರೆ, ಇನ್ನೊಂದು ತುದಿ ಅಲ್ಲೇ ಉಳಿದಿದೆ, ಎಂಜಿನ್ ಜೊತೆಗೆ ಅದೂ ಹೋಗಿದೆ. ಚಾಚಾ ಹೊಸ ಪಟ್ಟಿ ಹಾಕಿದರು. ಬೆಲ್ ಹೌಸಿಂಗ್ (ಕ್ಲಚ್ಚಿನ ಹೊರಕವಚ) ಬೋಲ್ಟಿನಿಂದ ಬಾಡಿಗೆ, ಬಾಡಿ ಕಡೆ ಪೇಂಟ್ ಕೆರೆದು ಬರಿ ಲೋಹ ಕಾಣುವ ಹಾಗೆ ಮಾಡಿ, ಬಿಗಿದ ಮೇಲೆ ಗ್ರೀಸ್ ಸವರಿದರು. 180 ರೂಪಾಯಿ. ಮೀಟರ್ ಕಾಲು ವೋಲ್ಟೂ ತೋರಿಸಲಿಲ್ಲ. ಸೆಲ್ಫ್ ಒಂದೇ ಹೊಡೆತಕ್ಕೆ ಹತ್ತಿತು.

ಎಂಜಿನ್ ಬದಲಿಸಿದ ಮೇಲೆ ನಿಮ್ಮ ಕೇಬಲ್ ಪದೇಪದೇ ಬಿಗಿಯಾಗುತ್ತಿದ್ದರೆ, ದಯವಿಟ್ಟು ಮೊದಲು ಈ ಪಟ್ಟಿ ಇದೆಯಾ ನೋಡಿ. ನನ್ನ ಬ್ಯಾಟರಿ ದುಡ್ಡು, ಎರಡು ಕೇಬಲ್ ದುಡ್ಡು, ಹೈಡ್ರಾಲಿಕ್ ದುಡ್ಡು, ಎಲ್ಲ ಇದೊಂದಕ್ಕೆ ಹೋಯಿತು.

ಹೈಡ್ರಾಲಿಕ್

ಹಾಕಿಸಿಯಾಗಿತ್ತು, 6,300 ರೂಪಾಯಿ ಕೊಟ್ಟಾಗಿತ್ತು, ಓಡಿಸಿ ನೋಡೋಣ ಅಂತ ಉಳಿಸಿಕೊಂಡೆ. ಒಳ್ಳೆಯದನ್ನು ಮೊದಲು ಹೇಳಬೇಕು. ಪೆಡಲು ಹೂವಿನಂತೆ ಹಗುರ. ಪ್ಲೇಟ್ ಸವೆದ ಹಾಗೆ ತಾನೇ ಹೊಂದಿಕೊಳ್ಳುತ್ತದೆ, ನಟ್ ತಿರುಗಿಸುವ ಕೆಲಸ ಇಲ್ಲ. ಪೈಪು ಹೇಗೆ ಬೇಕಾದರೂ ಬಳಸಿಕೊಂಡು ಹೋಗಬಹುದು.

ಮೊದಲ ದಿನ ಮಾತ್ರ ರಿವರ್ಸ್ ಕರಕರ ಅಂತಿತ್ತು. ಫೋರ್ಕನ್ನು ತಳ್ಳೋದಕ್ಕೆ ಸಿಕ್ಕಿದ ಸ್ಲೇವ್ ಸಿಲಿಂಡರ್ ಹಾಕಿದ್ದರು, ಅದರ ಬೋರ್ (ಒಳಗಿನ ಅಗಲ) 22 ಮಿಲಿಮೀಟರ್. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್‌ನದು ಸುಮಾರು 16. ಬೋರಿನ ಅಗಲ ನೋಡಿದರೆ ಸಾಲದು, ಅದರ ವರ್ಗ ಲೆಕ್ಕ ಹಾಕಬೇಕು. ಮಾಸ್ಟರ್ 30 ಮಿಲಿಮೀಟರ್ ಒಳಗೆ ಹೋದರೆ ಆ ಸ್ಲೇವ್ ಹೊರಗೆ ಬರೋದು 16ಕ್ಕಿಂತ ಕಮ್ಮಿ. 19ರ ಸ್ಲೇವ್ ಹಾಕಿದಾಗ 21ರ ಹತ್ತಿರ ಬಂತು, ಗೇರು ಬೆಣ್ಣೆಯ ಹಾಗೆ ಬಿತ್ತು. ಆಯಿಲ್ ಪೈಪಿನೊಳಗೆ ಸೇರಿದ ಏರ್ ತೆಗೆಯೋದಕ್ಕೆ ಇಬ್ಬರು ಬೇಕು. ಸ್ಲೇವ್‌ನ ನಿಪ್ಪಲ್ (ಏರ್ ಬಿಡುವ ಮೂತಿ) ಕೆಳಮುಖವಾಗಿದ್ದರೆ ಎಷ್ಟು ತೆಗೆದರೂ ಮೇಲುಗಡೆ ಗುಳ್ಳೆ ಉಳಿಯುತ್ತದೆ. ಬೋಲ್ಟ್ ಬಿಚ್ಚಿ, ನಿಪ್ಪಲ್ ಮೇಲೆ ಬರುವ ಹಾಗೆ ಕೈಯಲ್ಲಿ ಹಿಡಿದು ತೆಗೆಯಬೇಕು.

ನನಗೆ ಒಗ್ಗದ್ದು ಬೇರೆ. ಈ ಗಾಡಿ ನನಗೆ ಭಾನುವಾರದ ಗಾಡಿ. ಕೆಲವೊಮ್ಮೆ ಮೂರು ವಾರ ಶೆಡ್ಡಿನಿಂದ ಆಚೆಗೇ ಬರುವುದಿಲ್ಲ. ಹೈಡ್ರಾಲಿಕ್‌ಗೆ ತುಂಬುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಿಂತಲ್ಲೇ ನಿಂತರೆ ಸಿಲಿಂಡರ್ ಒಳಗೆ ತುಕ್ಕು ಚುಕ್ಕೆ ಹಿಡಿಯುತ್ತದೆ, ಅದು ರಬ್ಬರ್ ವಾಷರನ್ನು ಕೆರೆಯುತ್ತದೆ. ನಾಲ್ಕನೆಯ ತಿಂಗಳು ಮಾಸ್ಟರ್ ಸೋರಿ ಫೈರ್‌ವಾಲಿನ ಪೇಂಟ್ ಅಂಗೈ ಅಗಲ ಎದ್ದುಬಂತು. ಅಪ್ಪ ಬಳಿಸಿದ್ದ ಪೇಂಟ್ ಅದು. ಐದನೆಯ ತಿಂಗಳು ಕೊರಟಗೆರೆಯಿಂದ ಬರುವಾಗ ಪೆಡಲ್ ನೆಲಕ್ಕೆ ಹೋಯಿತು, ವಾಪಸ್ ಬರಲಿಲ್ಲ. ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿನಲ್ಲೇ ಸೆಲ್ಫ್ ಹೊಡೆದು ಹೊರಟು, ರೈಸ್ ಹೊಂದಿಸಿ ಗೇರು ಬದಲಿಸುತ್ತಾ ಊರು ಮುಟ್ಟಿದೆ. ಭಾನುವಾರ ಸಂಜೆ, ದಾರಿಯಲ್ಲಿ ವಾಷರ್ ಕಿಟ್ ಎಲ್ಲಿ ಸಿಗಬೇಕು?

ಮತ್ತೆ ಕೇಬಲ್

ಮಾರನೆಯ ವಾರವೇ ಕೇಬಲ್ ಹಾಕಿಸಿದೆ. ಈ ಸಲ ಅರ್ತ್ ಪಟ್ಟಿ ಇದೆ, ಫೈರ್‌ವಾಲಿಗೆ ಬಲ ಇದೆ. ದೇವರಾಯನದುರ್ಗದ ತಿರುವುಗಳಲ್ಲಿ ಹಾಫ್ ಕ್ಲಚ್‌ನಲ್ಲಿ ಹತ್ತಿಸಿ ನೋಡಿದ್ದೇನೆ, ಕ್ಯಾತ್ಸಂದ್ರ ಟೋಲಿನ ಹಬ್ಬದ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ನಿಂತು ಹೋಗಿದ್ದೇನೆ. ತಿಂಗಳಿಗೊಮ್ಮೆ ಫ್ರೀ ಪ್ಲೇ ನೋಡುತ್ತೇನೆ, ಬೇಕಾದರೆ ನಟ್ ಅರ್ಧ ಸುತ್ತು. ಪೆಡಲು ಹೈಡ್ರಾಲಿಕ್‌ಗಿಂತ ಬಿರುಸು, ಅದು ನಿಜ. ನನ್ನ ಹೆಂಡತಿಗೆ ಮಂಡಿನೋವಿದೆ, ಈಗ ಅವಳು ಈ ಗಾಡಿ ಓಡಿಸುವುದನ್ನು ಬಿಟ್ಟಿದ್ದಾಳೆ. ಅದೊಂದು ನನಗೆ ಬೇಸರ.

ದಿನಾ ನೆಲಮಂಗಲ ದಾಟಿ ಬೆಂಗಳೂರಿನ ಟ್ರಾಫಿಕ್ಕಿಗೆ ಹೋಗುವವರು, ಮನೆಯಲ್ಲಿ ಇಬ್ಬರು ಮೂವರು ಓಡಿಸುವವರು ಹೈಡ್ರಾಲಿಕ್ ಹಾಕಿಸಿ. ದಿನಾ ಓಡುವ ಗಾಡಿಯಲ್ಲಿ ಸಿಲಿಂಡರ್ ಚೆನ್ನಾಗಿ ಬಾಳುತ್ತದೆ. ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ನನ್ನ ಹಾಗೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಗುಬ್ಬಿ, ಹೆಬ್ಬೂರು, ಮಧುಗಿರಿ ಅಂತ ಸುತ್ತುವವರಿಗೆ, ಕೈಯಲ್ಲಿ ದುಡ್ಡು ಲೆಕ್ಕದಲ್ಲಿರುವವರಿಗೆ ಕೇಬಲ್ಲೇ. ಡಿಕ್ಕಿಯಲ್ಲಿ ಒಂದು ಹೊಸ ಕೇಬಲ್, ಒಂದು ಹನ್ನೆರಡರ ಪಾನಾ (ಸ್ಪ್ಯಾನರ್) ಇಟ್ಟುಕೊಂಡಿದ್ದೇನೆ. ಮರದ ನೆರಳು ಸಿಕ್ಕರೆ ಇಪ್ಪತ್ತು ನಿಮಿಷದಲ್ಲಿ ನಾನೇ ಬದಲಿಸಬಲ್ಲೆ, ಮನೆ ಮುಂದೆ ಎರಡು ಸಲ ಮಾಡಿ ನೋಡಿದ್ದೇನೆ.

ಬಿಚ್ಚಿದ ಮಾಸ್ಟರ್, 19ರ ಸ್ಲೇವ್, ಪೈಪು ಎಲ್ಲ ಡಬ್ಬಿಯಲ್ಲಿ ಹಾಗೇ ಇವೆ. ತುಮಕೂರು ಕಡೆ ಯಾರಿಗಾದರೂ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ವಾಷರ್ ಕಿಟ್ ಹೊಸದು ಹಾಕಿಕೊಳ್ಳಬೇಕು. ಮಾಸ್ಟರ್ ಒಳಗೆ ತುಕ್ಕಿನ ಚುಕ್ಕೆ ಇದೆ, ಲೇತಿನಲ್ಲಿ ತೋರಿಸಿಯೇ ಹಾಕಿ.