ಸ್ಯಾನ್ ಡಿಯಾಗೊದ ಒರ್ಕಾ ಶೋ: ಮುಂಬೈನಿಂದ ಹೋಗುವವರ ಪ್ಯಾಕೇಜ್‌ನಲ್ಲಿ ಬೇಕೇ?

ಮಾಟುಂಗಾ, ಡೊಂಬಿವ್ಲಿ ಕಡೆಯ ನಮ್ಮವರು ಮೇ ರಜೆಗೆ ಬುಕ್ ಮಾಡುವ ಅಮೆರಿಕ ವೆಸ್ಟ್ ಕೋಸ್ಟ್ ಪ್ಯಾಕೇಜ್‌ಗಳಲ್ಲಿ ಸ್ಯಾನ್ ಡಿಯಾಗೊದ ಸೀವರ್ಲ್ಡ್ ಎಂಬ ಕಡಲಪ್ರಾಣಿಗಳ ಪಾರ್ಕ್ ಆಗಾಗ ಕಾಣುತ್ತದೆ. ಉಳಿದ ಪಾರ್ಕ್ ಬಿಡಿ, ಅಲ್ಲಿ ಜನ ಮುಗಿಬೀಳುವುದು ಅರ್ಧ ಗಂಟೆಯೂ ಇಲ್ಲದ ಒರ್ಕಾ (ಕಿಲ್ಲರ್ ವೇಲ್ ಎಂದೂ ಕರೆಯುವ, ಡಾಲ್ಫಿನ್ ಕುಟುಂಬದ ದೈತ್ಯ) ಶೋಗೆ.

ಮೊದಲು ಸಲ್ಲಬೇಕಾದ ಅಂಕ ಸಲ್ಲಲಿ. ಸರ್ಕಸ್ ಧಾಟಿಯ ಹಳೆಯ ಶೋ 2017ರಲ್ಲಿ ನಿಂತು, ಬೇಟೆ, ಕೂಗು, ಗುಂಪಿನ ಬದುಕನ್ನು ವಿವರಿಸುವ 'ಒರ್ಕಾ ಎನ್‌ಕೌಂಟರ್' ಬಂದಿದೆ. ಪ್ರಾಣಿಗಳಿಗೆ ಕೊಟ್ಟಿರುವ ತರಬೇತಿಯೂ ಅಚ್ಚುಕಟ್ಟು: ಮಗುಚಿಕೊಂಡು ಬಾಲ ಚಾಚಿದರೆ, ಅದರ ಅಡಿಭಾಗದ ರಕ್ತನಾಳದಿಂದ ಮಂಪರಿನ ಮದ್ದು ಕೊಡದೆಯೇ ರಕ್ತ ತೆಗೆಯಬಹುದು. ಒರ್ಕಾ ಪ್ರಜ್ಞಾಪೂರ್ವಕವಾಗಿಯೇ ಉಸಿರಾಡುವ ಪ್ರಾಣಿ. ಪೂರ್ತಿ ಅರಿವಳಿಕೆ ಕೊಟ್ಟರೆ ಉಸಿರೇ ನಿಲ್ಲುವ ಅಪಾಯವಿದೆ. ಹಾಗಾಗಿ ಈ ತರಬೇತಿ ಚಿಕಿತ್ಸೆಯ ಬೆನ್ನೆಲುಬು.

ಶೋ ಹೇಳದ್ದನ್ನು ಹಲ್ಲು ಹೇಳುತ್ತದೆ. ಮುಂದಿನ ಸೋಕ್ ಝೋನ್‌ನಲ್ಲಿ ಒದ್ದೆಯಾಗುವುದೇ ಹೆಚ್ಚು, ನಡುಸಾಲಿನಲ್ಲಿ ಕೂತು ಬೈನಾಕ್ಯುಲರ್ ಹಿಡಿಯಿರಿ. ಮೀನಿಗೆ ಬಾಯಿ ತೆರೆದಾಗ ಕೆಳದವಡೆಯ ಮುಂಭಾಗ ನೋಡಿ. ತೊಟ್ಟಿಯ ಕಾಂಕ್ರೀಟ್ ಅಂಚು, ಉಕ್ಕಿನ ಗೇಟು ಕಚ್ಚಿ ಕಚ್ಚಿ ಹಲ್ಲು ಸವೆದು, ಒಳಗಿನ ತಿರುಳು ಹೊರಬೀಳುತ್ತದೆ. ಆಗ ವೈದ್ಯರು ಡ್ರಿಲ್ ಮಾಡಿ ತಿರುಳು ತೆಗೆಯುತ್ತಾರೆ. ನಮ್ಮ ರೂಟ್ ಕೆನಾಲ್‌ನಂತೆ ಮುಚ್ಚುವುದಿಲ್ಲ, ತೂತು ತೆರೆದೇ ಇರುತ್ತದೆ. ದಿನವೂ ತೊಳೆಯಬೇಕು, ತಪ್ಪಿದರೆ ಮೀನಿನ ಚೂರು ಸಿಕ್ಕಿ ಸೋಂಕು. ಸೆರೆಯಲ್ಲಿರುವ 29 ಒರ್ಕಾಗಳ ಹಲ್ಲು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಲ್ಲು ಕೆಡದ ಒಂದೂ ಇರಲಿಲ್ಲ.

ಆಮೇಲೆ ಗಂಡುಗಳ ಬೆನ್ನಿನ ರೆಕ್ಕೆ. ಕಡಲಲ್ಲಿ ಆರಡಿಯವರೆಗೂ ನೆಟ್ಟಗೆ ನಿಲ್ಲುವ ಇದರೊಳಗೆ ಮೂಳೆಯಿಲ್ಲ. ಹೊತ್ತೆಲ್ಲ ನೀರಿನ ಮೇಲ್ಮೈಯಲ್ಲೇ ಕಳೆಯುವ ಸೆರೆಯ ಗಂಡಿನಲ್ಲಿ ಅದು ಒಂದು ಪಕ್ಕಕ್ಕೆ ವಾಲುತ್ತದೆ. ನೋವಿನ ರೋಗವಲ್ಲ, ಬದುಕಿನ ರೀತಿಯ ಗುರುತು. ಮೈಮೇಲಿನ ಸಮಾನಾಂತರ ಗೀರುಗಳು ಬೇರೆ ಒರ್ಕಾಗಳ ಹಲ್ಲಿನವು. ಕಡಲಲ್ಲೂ ಇರುತ್ತವೆ, ಆದರೆ ಅಲ್ಲಿ ಜಗಳವಾದರೆ ದೂರ ಸರಿಯಬಹುದು.

ಊಟ ಹೆಪ್ಪುಗಟ್ಟಿಸಿ ಕರಗಿಸಿದ ಮೀನು. ಅದರಲ್ಲಿ ಬಿ1 ಜೀವಸತ್ವ ನಾಶವಾಗುವುದರಿಂದ ಮಾತ್ರೆಯನ್ನು ಮೀನಿನೊಳಗೆ ತುರುಕಿ ಕೊಡುತ್ತಾರೆ. ಒರ್ಕಾಕ್ಕೆ ಬೇಕಾದ ನೀರೂ ಮೀನಿನಿಂದಲೇ ಬರಬೇಕು, ಹೆಪ್ಪುಗಟ್ಟಿಸಿದ ಮೀನಿನಲ್ಲಿ ಅದು ಸಾಲದು. ನೀರು ಹಿಡಿದಿಟ್ಟ ಜೆಲಾಟಿನ್ ಗಡ್ಡೆ ತಿನ್ನಿಸುವುದು ಅದಕ್ಕೇ, ಸಿಹಿತಿಂಡಿ ಎಂದುಕೊಳ್ಳಬೇಡಿ.

ಇಲ್ಲಿರುವ ಕಾರ್ಕಿ ಎಂಬ ಹೆಣ್ಣನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ ಹಿಡಿದದ್ದು 1969ರಲ್ಲಿ. ಏಳು ಬಾರಿ ಗರ್ಭ ಧರಿಸಿದರೂ ಅದರ ಒಂದು ಮರಿಯೂ ಎರಡು ತಿಂಗಳು ದಾಟಲಿಲ್ಲ. 2016ರಲ್ಲಿ ಕಂಪನಿ ಒರ್ಕಾ ಸಂತಾನೋತ್ಪತ್ತಿಯನ್ನೇ ನಿಲ್ಲಿಸಿತು, ತಡವಾದರೂ ಸರಿಯಾದ ತೀರ್ಮಾನ. ನಮ್ಮಲ್ಲಂತೂ 2013ರಲ್ಲೇ ಡಾಲ್ಫಿನೇರಿಯಂಗಳಿಗೆ (ಡಾಲ್ಫಿನ್ ಜಾತಿಯ ಪ್ರಾಣಿಗಳ ಶೋ ತೊಟ್ಟಿಗಳಿಗೆ) ಅನುಮತಿ ಬೇಡವೆಂದು ಕೇಂದ್ರ ಹೇಳಿಯಾಗಿದೆ.

ವಿವರಣೆಗೆ ಐದಕ್ಕೆ ಮೂರು, ಪ್ರಾಣಿಯ ಬದುಕಿಗೆ ಒಂದು. ಆರೈಕೆ ಮಾಡುವವರ ಕೈಗುಣ ಎಷ್ಟೇ ಚೆನ್ನಾಗಿದ್ದರೂ ತೊಟ್ಟಿ ತೊಟ್ಟಿಯೇ.

ಬದಲಿಗೆ ಅದೇ ಊರಿನ ಬಂದರಿನಿಂದ ತಿಮಿಂಗಿಲ ತೋರಿಸುವ ದೋಣಿಗಳು ಹೊರಡುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬೂದು ತಿಮಿಂಗಿಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀಲಿ ತಿಮಿಂಗಿಲ. ಮೇ ರಜೆ ಎರಡರ ಸಂದಿಯಲ್ಲಿ ಬೀಳುತ್ತದೆ, ಆದರೂ ಡಾಲ್ಫಿನ್‌ಗಳು ವರ್ಷವಿಡೀ ಇರುತ್ತವೆ. ಒರ್ಕಾ ಕಾಣುವುದು ಅಪರೂಪ, ಆ ಆಸೆಯಿಂದ ಹೋಗಬೇಡಿ. ಮುಂಬೈ ಮೇ ತಿಂಗಳ ಹತ್ತಿ ಅಂಗಿ ಸಾಲದು, ಜಾಕೆಟ್ ಇರಲಿ. ವಾಂತಿಯ ಮಾತ್ರೆಯನ್ನು ದೋಣಿ ಹತ್ತಿದ ಮೇಲಲ್ಲ, ಮೊದಲೇ ತೆಗೆದುಕೊಳ್ಳಿ.

ಗ್ರೂಪ್ ಟೂರ್‌ನಲ್ಲಿ ಪಾರ್ಕ್ ಟಿಕೆಟ್ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ, ಆ ದಿನ ಬಸ್ ನಿಮ್ಮನ್ನು ಬಂದರಿಗೆ ಬಿಡುತ್ತದೆಯೇ ಎಂದು ಏಜೆಂಟರನ್ನು ಕೇಳಿ. 'ನೋಡೋಣ ಸರ್' ಎಂಬ ಉತ್ತರ ಸಾಲದು. ಬಾಕಿ ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.